ವಿನಿಮಯ ಅಧಿಕಾರಿಯೋ, ಮುಯ್ಯಾಳೋ?

ಎಲ್ಲರಿಗೂ ಕೊಪ್ಪಳದಿಂದ ನಮಸ್ಕಾರ. ಒಂದು ಪದ ಸಿಗದೆ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ನಾನು ಇಲ್ಲಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಹೆಚ್ಚಿನವರು ಯಲಬುರ್ಗಾ, ಕುಷ್ಟಗಿ, ಕುಕನೂರು ಕಡೆಯ ಹಳ್ಳಿಯವರು. ಎಲ್ಲ ಕನ್ನಡದಲ್ಲೇ ಓದುವವರು. ಅವರಿಗಾಗಿ 2003ರ ಇರಾಕ್ ಯುದ್ಧದ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೆ. ಅದರಲ್ಲಿ ಈ ಒಂದು ವಾಕ್ಯ ಇತ್ತು: 'ಯುದ್ಧದಲ್ಲಿ ಪಾಲ್ಗೊಳ್ಳುವುದಿಲ್ಲ ಎಂದ ಕೆನಡಾ ಸರ್ಕಾರ ತನ್ನ ಸೇನಾ ವಿನಿಮಯ ಬದ್ಧತೆಗಳನ್ನು ಸಮರ್ಥಿಸಿಕೊಂಡಿತು.' ಬರೆದಾಗ ಚೆನ್ನಾಗಿದೆ ಅನಿಸಿತ್ತು. ತರಗತಿಯಲ್ಲಿ ಓದಿ ಹೇಳಿದೆ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಕೊನೆಗೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: 'ಮೇಡಂ, ವಿನಿಮಯ ಅಂದ್ರ ಉದ್ಯೋಗ ವಿನಿಮಯ ಕಚೇರಿಯವರಾ?'

ಅವಳ ತಪ್ಪೇನಿಲ್ಲ. ನಾವು ವಿನಿಮಯ ಅನ್ನೋ ಪದವನ್ನು ಎಲ್ಲೆಲ್ಲಿ ಬಳಸುತ್ತೇವೆ ನೋಡಿ. ಉದ್ಯೋಗ ವಿನಿಮಯ, ವಿದೇಶಿ ವಿನಿಮಯ, ವಿಚಾರ ವಿನಿಮಯ, ಮಾಹಿತಿ ವಿನಿಮಯ. ಒಂದು ಕಡೆ ರೊಕ್ಕ, ಇನ್ನೊಂದು ಕಡೆ ಮಾತು. ಮನುಷ್ಯರನ್ನು ವಿನಿಮಯ ಮಾಡಿಕೊಳ್ಳೋದು ಅಂದರೆ ನಮಗೆ ನೆನಪಾಗೋದು ಕೈದಿಗಳ ವಿನಿಮಯ ಮಾತ್ರ. ಸೇನೆಯ ಅಧಿಕಾರಿಯ ಹಿಂದೆ ಆ ಪದ ಹಚ್ಚಿದರೆ ಆತ ಸೆರೆ ಸಿಕ್ಕವನ ಹಾಗೆ ಕೇಳಿಸುತ್ತಾನೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಸ್ನೇಹದಲ್ಲಿರುವ ದೇಶಗಳ ಸೇನೆಗಳು ತಮ್ಮ ಅಧಿಕಾರಿಗಳನ್ನು ಒಬ್ಬರ ಬಳಿ ಇನ್ನೊಬ್ಬರು ಕಳಿಸುತ್ತವೆ. ಕೆನಡಾದ ಅಧಿಕಾರಿ ಅಮೆರಿಕದ ದಳದಲ್ಲಿ ಕೂತು ಕೆಲಸ ಮಾಡುತ್ತಾನೆ, ಅಲ್ಲಿಯವನು ಇಲ್ಲಿಗೆ ಬರುತ್ತಾನೆ. ಅತಿಥಿಯಾಗಿ ಅಲ್ಲ, ಅಲ್ಲಿನ ಒಂದು ಹುದ್ದೆ ತುಂಬಿ. ಸಂಬಳ ಮಾತ್ರ ಅವನ ಸ್ವಂತ ದೇಶದ್ದೇ. ಇವರನ್ನು ಎಕ್ಸ್‌ಚೇಂಜ್ ಆಫೀಸರ್ ಅನ್ನುತ್ತಾರೆ. ಶಾಂತಿಯ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಆತಿಥೇಯ ದೇಶ ಯುದ್ಧಕ್ಕೆ ಹೊರಟಾಗ ಪೇಚು ಶುರುವಾಗುತ್ತದೆ.

2003ರ ಮಾರ್ಚ್ 17ರಂದು ಕೆನಡಾದ ಪ್ರಧಾನಿ ಜಾನ್ ಕ್ರೆತಿಯಾನ್ ಸಂಸತ್ತಿನಲ್ಲಿ ಎದ್ದು ನಿಂತು, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಹೊಸ ನಿರ್ಣಯ ಇಲ್ಲದೆ ಯುದ್ಧ ನಡೆದರೆ ಕೆನಡಾ ಅದರಲ್ಲಿ ಸೇರುವುದಿಲ್ಲ ಅಂದರು. ಆಳುವ ಪಕ್ಷದವರು ಚಪ್ಪಾಳೆ ತಟ್ಟಿದರು. ಮೂರು ದಿನಕ್ಕೆ ಯುದ್ಧ ಶುರುವಾಯಿತು. ಆಗ ಗೊತ್ತಾದ ಮಾತು ಏನಂದರೆ, ಅಮೆರಿಕ ಮತ್ತು ಬ್ರಿಟನ್ ದಳಗಳಲ್ಲಿ ಸುಮಾರು 30 ಜನ ಕೆನಡಾದವರು ಈ ಎಕ್ಸ್‌ಚೇಂಜ್ ಮೇಲೆ ಇದ್ದರು. ಯುದ್ಧ ಬೇಡ ಅಂದ ಮೇಲೆ ಅವರನ್ನು ವಾಪಸ್ ಕರೆಸಿ ಅಂತ ವಿರೋಧ ಪಕ್ಷಗಳಲ್ಲಿ ಒಂದಾದ ಬ್ಲಾಕ್ ಕೆಬೆಕ್ವಾದವರು ಪಟ್ಟು ಹಿಡಿದರು. ಸರ್ಕಾರ ಒಪ್ಪಲಿಲ್ಲ. ಅವರು ನೇರ ಕಾಳಗದಲ್ಲಿ ಇಲ್ಲ, ಕೊಟ್ಟ ಮಾತಿದೆ, ಜೊತೆಯವರು ಕಷ್ಟದಲ್ಲಿರುವಾಗ ನಡುವೆ ಕೈ ಬಿಡೋದು ಸರಿಯಲ್ಲ, ಇದು ಅದರ ವಾದ. ಯುದ್ಧಕ್ಕೆ ಸೇರಲೇಬೇಕಿತ್ತು ಅನ್ನುತ್ತಿದ್ದ ಇನ್ನೊಂದು ವಿರೋಧ ಪಕ್ಷದ ನಾಯಕ ಸ್ಟೀಫನ್ ಹಾರ್ಪರ್ ಕಡೆಯವರ ಬೈಗುಳ ಬೇರೆ. ಅದೇ ತಿಂಗಳು ಅಮೆರಿಕದ ರಾಯಭಾರಿ ಪಾಲ್ ಸೆಲ್ಲುಚಿ ಟೊರಾಂಟೊದಲ್ಲಿ ಮಾತಾಡುತ್ತ, ಬಹಿರಂಗವಾಗಿ ನಮ್ಮ ಜೊತೆ ನಿಂತ ಎಷ್ಟೋ ದೇಶಗಳಿಗಿಂತ ಕೆನಡಾದಿಂದಲೇ ನಮಗೆ ಪರೋಕ್ಷವಾಗಿ ಜಾಸ್ತಿ ಸಹಾಯ ಆಗುತ್ತಿದೆ ಅನ್ನೋ ಅರ್ಥದ ಮಾತು ಹೇಳಿಬಿಟ್ಟರು. ಸರ್ಕಾರಕ್ಕೆ ಎರಡೂ ಕಡೆಯಿಂದ ಏಟು.

ಇಷ್ಟು ಹೇಳಿದ ಮೇಲೆ ನನ್ನ ಮಕ್ಕಳಿಗೆ ವಿಷಯ ಅರ್ಥ ಆಯಿತು. ಪದ ಮಾತ್ರ ಸಿಗಲಿಲ್ಲ.

ಮೊದಲು 'ನಿಯೋಜಿತ ಅಧಿಕಾರಿ' ಅಂತ ಹಾಕಿ ನೋಡಿದೆ. ಇದು ಎಲ್ಲರಿಗೂ ಗೊತ್ತಿರುವ ಪದ. ನಮ್ಮ ಊರಿನ ಶಾಲೆಯ ಮೇಷ್ಟ್ರು ಬೇರೆ ಊರಿಗೆ ನಿಯೋಜನೆ ಮೇಲೆ ಹೋಗಿದ್ದಾರೆ ಅನ್ನುತ್ತೇವೆ, ಅಲ್ವಾ? ಆದರೆ ವಾಕ್ಯ ಬರೆಯುವಾಗ ಸಿಕ್ಕಿಹಾಕಿಕೊಂಡೆ. ನೋಡಿ: 'ಕೆನಡಾ ಇರಾಕ್ ಯುದ್ಧಕ್ಕೆ ಸೈನಿಕರನ್ನು ನಿಯೋಜಿಸಲಿಲ್ಲ. ಆದರೆ ಅಮೆರಿಕದ ಪಡೆಗೆ ನಿಯೋಜಿಸಿದ್ದ ಅಧಿಕಾರಿಗಳನ್ನು ವಾಪಸ್ ಕರೆಯಲಿಲ್ಲ.' ಗಡಿಯಲ್ಲಿ ಸೈನಿಕರನ್ನು ನಿಯೋಜಿಸಲಾಗಿದೆ ಅಂತ ಪತ್ರಿಕೆ ಬರೆಯುವ ನಿಯೋಜನೆಯೂ ಇದೇ, ಮೇಷ್ಟ್ರ ನಿಯೋಜನೆಯೂ ಇದೇ. ಕೆನಡಾ ಸರ್ಕಾರದ ಇಡೀ ವಾದ ನಿಂತಿರೋದು ಈ ಎರಡು ಬೇರೆ ಬೇರೆ ಅನ್ನೋದರ ಮೇಲೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಹಾಕಿದರೆ ನಾನು ಪಾಠ ಶುರು ಮಾಡುವ ಮೊದಲೇ ಸರ್ಕಾರವನ್ನು ಸೋಲಿಸಿದ ಹಾಗೆ. ಹಾಗೆ ಮಾಡಬಾರದು. ಸರ್ಕಾರ ಸರಿಯೋ ತಪ್ಪೋ ಮಕ್ಕಳು ತೀರ್ಮಾನ ಮಾಡಲಿ. ಪದ ತೀರ್ಪು ಕೊಡೋದು ಬೇಡ.

'ಎರವಲು ಅಧಿಕಾರಿ' ಅನ್ನಬಹುದಾ ಅಂತ ಯೋಚಿಸಿದೆ. ಎರವಲು ಸೇವೆ ಅಂತ ಸರ್ಕಾರಿ ಆದೇಶಗಳಲ್ಲಿ ಬರುತ್ತದೆ. ಆದರೆ ಎರವಲು ಒಂದೇ ದಿಕ್ಕಿನದು. ತಂದವನು ವಾಪಸ್ ಕೊಟ್ಟರೆ ಮುಗಿಯಿತು. ಇಲ್ಲಿ ಹೋಗೋದೂ ಉಂಟು, ಬರೋದೂ ಉಂಟು.

ಆ ಮೇಲೆ, ರಾತ್ರಿ ರೊಟ್ಟಿ ಬಡಿಯುತ್ತ ಇರುವಾಗ, ಅವ್ವನ ಮಾತು ನೆನಪಾಯಿತು. ಮುಯ್ಯಾಳು.

ಈ ಪದ ನಿಮ್ಮಲ್ಲಿ ಎಷ್ಟು ಜನಕ್ಕೆ ಬಳಕೆಯಲ್ಲಿದೆಯೋ ಗೊತ್ತಿಲ್ಲ. ನಮ್ಮ ಕಡೆ ಕೂಲಿ ಕೊಡಲು ಕೈಯಲ್ಲಿ ರೊಕ್ಕ ಇಲ್ಲದವರು ಹೊಲದ ಕೆಲಸಕ್ಕೆ ಒಬ್ಬರ ಮನೆಯಿಂದ ಒಬ್ಬರು ಆಳು ಕೊಟ್ಟು ಆಳು ತಗೊಳ್ಳುತ್ತಾರೆ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಆಳಿಗೆ ಆಳು, ದಿನಕ್ಕೆ ದಿನ. ಹಾಗೆ ಬರುವವರು ಮುಯ್ಯಾಳು. ಒಂದೇ ಎತ್ತು ಇದ್ದವರು ಇನ್ನೊಂದು ಒಂಟಿ ಎತ್ತಿನವರ ಜೊತೆ ಸೇರಿ ಜೋಡಿ ಮಾಡಿಕೊಂಡು ಹೊಲ ಮಾಡೋದೂ ಇತ್ತು. ಈಗ ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾಗಿವೆ. ನೀರಾವರಿ ಇರುವ ಗಂಗಾವತಿ, ಸಿಂಧನೂರು ಕಡೆ ಭತ್ತ ಕೊಯ್ಯಲು ಮಷೀನ್ ಬರುತ್ತದೆ. ನಮ್ಮ ಯಲಬುರ್ಗಾದ ಮಳೆ ನಂಬಿದ ಹೊಲಗಳಲ್ಲಿ ಕಳೆ ತೆಗೆಯೋಕೆ, ಜೋಳ ಕೀಳೋಕೆ ಇನ್ನೂ ಅಲ್ಲಲ್ಲಿ ಮುಯ್ಯಾಳು ನಡೆಯುತ್ತದೆ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಅಡುಗೆ ಮನೆಯ ಗ್ವಾಡಿ ಮೇಲೆ ಇದ್ದಲಿನಿಂದ ಗೀಟು ಹಾಕುತ್ತಿದ್ದಳು. ಎಡಗಡೆ ನಮ್ಮ ಹೊಲಕ್ಕೆ ಬಂದವರ ಗೀಟು. ನಾವು ಹೋಗಿ ತೀರಿಸಿದ ದಿನ ಆ ಗೀಟಿನ ಮೇಲೆ ಅಡ್ಡ ಒಂದು ಗೀಟು. ದೀಪಾವಳಿಗೆ ಸುಣ್ಣ ಬಳಿಯುವ ಮೊದಲು ಎಲ್ಲ ಗೀಟು ತೀರಿರಬೇಕು ಅನ್ನೋದು ಅವಳ ಕಟ್ಟು. ಒಂದು ವರ್ಷ ಒಂದು ಗೀಟು ಉಳಿದುಹೋಯಿತು ಅಂತ ಆ ಜಾಗ ಬಿಟ್ಟು ಸುಣ್ಣ ಬಳಿದಿದ್ದಳು. ಬಿಳಿ ಗ್ವಾಡಿಯಲ್ಲಿ ಅಂಗೈ ಅಗಲದ ಮಸಿ ಜಾಗ. ಬಂದವರೆಲ್ಲ ಅದೇನು ಅಂತ ಕೇಳೋರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಡೆದದ್ದು ಹೇಳುತ್ತೇನೆ. ಅದಕ್ಕೂ ಈ ಪದಕ್ಕೂ ಸಂಬಂಧ ಇದೆ. ನಮ್ಮ ಹೊಲದ ಪಕ್ಕದವರಿಗೆ ನಾವು ಎರಡು ಆಳು ಮುಯ್ಯಿ ಕೊಡಬೇಕಿತ್ತು. ಹಿಂಗಾರಿ ಜೋಳ ಕೀಳುವ ಹೊತ್ತು. ಅಷ್ಟರಲ್ಲಿ ಅವರಿಗೂ ನಮ್ಮ ಸೋದರಮಾವನಿಗೂ ಒಡ್ಡಿನ ಜಗಳ ಬಿತ್ತು. ಒಡ್ಡು ಒಳಗೆ ಸರಿಸಿದ್ದಾರೆ ಅಂತ ಮಾವ, ಇಲ್ಲ ಅಂತ ಅವರು. ಬಡಿಗೆ ಹಿಡಿಯುವವರೆಗೆ ಹೋಯಿತು. ಮಾವ ರಾತ್ರಿ ಮನೆಗೆ ಬಂದು ಅವ್ವನಿಗೆ ಹೇಳಿದ, 'ಅವರ ಹೊಲಕ್ಕ ಯಾರೂ ಕಾಲಿಡಬ್ಯಾಡ್ರಿ.' ಅವ್ವ ಗ್ವಾಡಿ ಕಡೆ ತೋರಿಸಿದಳು. 'ಎರಡು ಗೀಟು ಅದಾವ. ಜಗಳ ನಿಂದು, ಮಾತು ನಂದು.'

ಮರುದಿನ ಅವ್ವ, ಅಕ್ಕ ಇಬ್ಬರೂ ಹೋದರು. ನಾನು ಬುತ್ತಿ ಹೊತ್ತುಕೊಂಡು ಹಿಂದೆ ಹೋದೆ. ಅವ್ವ ಹೊಲಕ್ಕೆ ಕಾಲಿಡುತ್ತಲೇ ಅಕ್ಕನಿಗೆ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ: 'ಒಡ್ಡಿನ ಕಡೀ ಸಾಲು ಮುಟ್ಟಬ್ಯಾಡ. ಈ ಕಡಿಂದ ಹಿಡಿ.' ಜಗಳ ಇದ್ದ ಒಡ್ಡಿನ ಹತ್ತಿರದ ಆರೇಳು ಸಾಲು ಬಿಟ್ಟು ಇಬ್ಬರೂ ಸಂಜೆವರೆಗೆ ಜೋಳ ಕಿತ್ತರು. ಆ ಹೊಲದವರೂ ಏನೂ ಅನ್ನಲಿಲ್ಲ. ಅವರಿಗೂ ಅದು ಗೊತ್ತಿದ್ದ ಪದ್ಧತಿ.

ಮಾವ ಆಮೇಲೆ ಮೂರು ತಿಂಗಳು ನಮ್ಮ ಮನೆಗೆ ಬರಲಿಲ್ಲ. ಬಂದಾಗ ಕೇಳಿದ್ದು ಒಂದೇ ಮಾತು. 'ನೀ ಒಡ್ಡಿನ ಸಾಲು ಮುಟ್ಟಿಲ್ಲ, ಖರೆ. ನೀ ಕಿತ್ತ ಜೋಳ ಯಾರ ಕಣಕ್ಕ ಹೋತು?'

ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಹುಡುಗರು ತಾವಾಗಿಯೇ ಜೋಡಿಸಿದರು. ಅವ್ವ ಕೆನಡಾ ಸರ್ಕಾರ. ಗ್ವಾಡಿ ಮೇಲಿನ ಗೀಟು ಸೇನೆಗಳ ನಡುವಿನ ಒಪ್ಪಂದ. ಒಡ್ಡಿನ ಸಾಲು ಬಿಡೋದು ಅಂದರೆ ನೇರ ಕಾಳಗದಿಂದ ದೂರ ಇರಿಸೋದು. ಮಾವನ ಪ್ರಶ್ನೆ ವಿರೋಧ ಪಕ್ಷದ ಪ್ರಶ್ನೆ. 'ನೇರ ಗುಂಡು ಹೊಡೆದಿಲ್ಲ, ಖರೆ. ಮಾಡಿದ ಕೆಲಸ ಯಾರ ಯುದ್ಧಕ್ಕೆ ಹೋತು?' ಅರ್ಧ ತಾಸು ಹುಡುಗರೇ ವಾದ ಮಾಡಿದರು. ನಾನು ಸುಮ್ನೆ ನಿಂತಿದ್ದೆ.

ಈಗ ನನ್ನ ಮೊದಲ ಪ್ರಶ್ನೆ. ಎಕ್ಸ್‌ಚೇಂಜ್ ಆಫೀಸರ್ ಅನ್ನೋದಕ್ಕೆ 'ಮುಯ್ಯಿ ಅಧಿಕಾರಿ' ಅಂತ ಬರೆದರೆ ನಡೆಯುತ್ತದಾ? ಹಾಸ್ಯ ಅನಿಸುತ್ತದಾ? ನನಗಂತೂ ಅದು ವಿನಿಮಯಕ್ಕಿಂತ ಹತ್ತು ಪಾಲು ಮೇಲು ಅನಿಸುತ್ತದೆ. ವಿನಿಮಯದಲ್ಲಿ ಕೊಟ್ಟ ಕ್ಷಣವೇ ಲೆಕ್ಕ ಚುಕ್ತಾ. ಮುಯ್ಯಿಯಲ್ಲಿ ಋಣ ಉಳಿಯುತ್ತದೆ. ನಡುವೆ ಬಿಟ್ಟು ಬಂದರೆ ಮುಂದಿನ ವರ್ಷ ನಿಮ್ಮ ಹೊಲಕ್ಕೆ ಯಾರೂ ಬರುವುದಿಲ್ಲ. ಕೆನಡಾ ಹೆದರಿದ್ದೂ ಅದಕ್ಕೇ.

ಆದರೆ ಎರಡು ತೊಡಕು ಇವೆ. ಒಂದು, ಮುಯ್ಯಿ ಅಂದರೆ ಸೇಡು ಅನ್ನೋ ಅರ್ಥ ಬರಹದ ಕನ್ನಡದಲ್ಲಿ ಗಟ್ಟಿಯಾಗಿದೆ. 'ಮುಯ್ಯಿ ತೀರಿಸಿಕೊಂಡ' ಅಂದರೆ ಓದುವವರು ಹಗೆ ಅಂತಲೇ ತಿಳಿಯುತ್ತಾರೆ. ಸೇನೆಯ ವಿಷಯದಲ್ಲಿ 'ಮುಯ್ಯಿ ಅಧಿಕಾರಿ' ಅಂದರೆ ಸೇಡು ತೀರಿಸಲು ಹೋದವನು ಅಂದುಕೊಂಡರೆ ಅನಾಹುತ. ಮೈಸೂರು ಕಡೆಯವರು ಮದುವೆಯಲ್ಲಿ ಕೊಡುವ ಉಡುಗೊರೆಗೂ ಮುಯ್ಯಿ ಅನ್ನುತ್ತಾರೆ. ನಾವು ಇಲ್ಲಿ ಅದಕ್ಕೆ ಆಯಾರ ಅನ್ನುತ್ತೇವೆ. ತಮಿಳಿನಲ್ಲೂ ಮದುವೆಯಲ್ಲಿ ಕೊಡುವ ದುಡ್ಡಿಗೆ ಮೊಯ್ ಅನ್ನುತ್ತಾರೆ. ಒಳ್ಳೆಯದನ್ನು ತಿರುಗಿ ಕೊಡೋದೂ ಮುಯ್ಯಿ, ಕೆಟ್ಟದ್ದನ್ನು ತಿರುಗಿ ಕೊಡೋದೂ ಮುಯ್ಯಿ. ಹಳೆಯ ಪದ, ಎರಡು ಬಾಯಿಯ ಪದ. ಆಳು ಸೇರಿಸಿ 'ಮುಯ್ಯಾಳು' ಅಂದರೆ ಸೇಡಿನ ವಾಸನೆ ಹೋಗುತ್ತದೆ. ಆದರೆ ಒಬ್ಬ ಬ್ರಿಗೇಡಿಯರ್‌ನನ್ನು ಆಳು ಅನ್ನಬಹುದಾ? ಹಳಗನ್ನಡದಲ್ಲಿ ಆಳು ಅಂದರೆ ವೀರ, ಕಾಲಾಳು ಅಂತ ಇವತ್ತಿಗೂ ಅನ್ನುತ್ತೇವೆ. ಹೊಸಗನ್ನಡದಲ್ಲಿ ಆಳು ಕೂಲಿಗೆ ಇಳಿದಿದ್ದಾನೆ. ನನಗೇನೂ ಅಡ್ಡಿ ಇಲ್ಲ, ಓದುವವರು ಏನನ್ನುತ್ತಾರೋ.

ಎರಡನೇ ತೊಡಕು ಸ್ವಲ್ಪ ಆಳದ್ದು. ಮುಯ್ಯಾಳು ಸಂಜೆ ಮನೆಗೆ ಬರುತ್ತಾನೆ. ಎಕ್ಸ್‌ಚೇಂಜ್ ಅಧಿಕಾರಿ ಎರಡು ಮೂರು ವರ್ಷ ಅಲ್ಲೇ ಇರುತ್ತಾನೆ, ಅಲ್ಲಿನ ದಂಡನಾಯಕನ ಆದೇಶ ಪಾಲಿಸುತ್ತಾನೆ. ಕೆನಡಾದ ವಾಲ್ಟರ್ ನಾಟಿನ್‌ಚಿಕ್ ಅಮೆರಿಕದ ಮೂರನೇ ಕೋರ್ ಅನ್ನೋ ದೊಡ್ಡ ಪಡೆಯಲ್ಲಿ ಎಕ್ಸ್‌ಚೇಂಜ್ ಮೇಲೆ ಉಪ ದಂಡನಾಯಕನಾಗಿದ್ದರು. ಆ ಪಡೆ 2004ರಲ್ಲಿ ಇರಾಕ್‌ಗೆ ಹೋದಾಗ ಅವರೂ ಹೋದರು. ಯುದ್ಧಕ್ಕೆ ಸೇರಲ್ಲ ಅಂದ ದೇಶದ ಅಧಿಕಾರಿ ಅದೇ ಯುದ್ಧಭೂಮಿಯಲ್ಲಿ ಇಷ್ಟು ದೊಡ್ಡ ಹುದ್ದೆಯಲ್ಲಿ! ಕೆನಡಾ ಅವರಿಗೆ ಪದಕ ಕೊಟ್ಟಿತು, 2008ರಲ್ಲಿ ತನ್ನ ಇಡೀ ಸೇನೆಯ ಮುಖ್ಯಸ್ಥರನ್ನಾಗಿಯೂ ಮಾಡಿತು. ಇದನ್ನು ಒಂದು ದಿನದ ಮುಯ್ಯಾಳು ಅನ್ನೋದು ಕಷ್ಟ.

ಇಲ್ಲಿಗೆ ಇನ್ನೊಂದು ಹಳೆಯ ಪದ ಬಂದು ನಿಲ್ಲುತ್ತದೆ. ಜೋಳವಾಳಿ. ಒಡೆಯನ ಜೋಳ ಉಂಡವನು ಹೊತ್ತು ಬಂದಾಗ ಅವನಿಗಾಗಿ ಕಾದಾಡಿ ಆ ಋಣ ತೀರಿಸಬೇಕು ಅನ್ನೋ ಹಳಗನ್ನಡ ಕಾಲದ ಕಟ್ಟಳೆ. ಜೋಳದ ನಾಡಿನಲ್ಲೇ ಹುಟ್ಟಿದ ಪದ, ನಮ್ಮ ರೊಟ್ಟಿಯ ಪದ. ಬೇರೆಯವರು ಉಪ್ಪಿನ ಋಣ ಅನ್ನುತ್ತಾರೆ, ನಾವು ಜೋಳಕ್ಕೆ ಕಟ್ಟುಬಿದ್ದವರು. ಈಗ ಎಕ್ಸ್‌ಚೇಂಜ್ ಅಧಿಕಾರಿಯನ್ನು ನೋಡಿ. ಆದೇಶ ಅಮೆರಿಕದವನದು, ಜೋಳ ಕೆನಡಾದ್ದು. ಜೋಳವಾಳಿ ಲೆಕ್ಕದಲ್ಲಿ ಅವನು ಕೆನಡಾದವನೇ. ಹಾಗಾದರೆ ಅವನು ಮಾಡಿದ್ದು ಕೆನಡಾ ಮಾಡಿದ ಹಾಗೆಯೇ ಅಲ್ವಾ? ವಿರೋಧ ಪಕ್ಷದವರು ಕೇಳಿದ್ದರ ತಿರುಳೂ ಇದೇ. ನನ್ನ ಮನಸ್ಸು ಇಲ್ಲಿ ಮಾವನ ಕಡೆ ವಾಲುತ್ತದೆ ಅಂತ ಮುಚ್ಚಿಡದೆ ಹೇಳುತ್ತೇನೆ. ಅವ್ವ ಮಾಡಿದ್ದು ಸರಿ, ಆದರೆ ಮಾವನ ಪ್ರಶ್ನೆಗೆ ಅವಳ ಬಳಿ ಉತ್ತರ ಇರಲಿಲ್ಲ. ಅವಳು ಎದ್ದು ಹೋಗಿ ಚಹಾ ಇಟ್ಟಳು.

ಇನ್ನು 'ಬದ್ಧತೆಗಳು'. ಇದರ ಬಗ್ಗೆ ನನಗೆ ಅನುಮಾನವೇ ಇಲ್ಲ, ತೆಗೆಯಬೇಕು. ಬದ್ಧತೆ ಅನ್ನೋದು ಕನ್ನಡದಲ್ಲಿ ಒಬ್ಬರ ಗುಣ. ಅವರಿಗೆ ಸಾಮಾಜಿಕ ಬದ್ಧತೆ ಇದೆ ಅನ್ನುತ್ತೇವೆ. ಅದಕ್ಕೆ 'ಗಳು' ಹಚ್ಚಿ ಲೆಕ್ಕ ಹಾಕಿದರೆ ಏನೋ ಕೃತಕ. ಸರ್ಕಾರ ಉಳಿಸಿಕೊಂಡಿದ್ದು ಗುಣವನ್ನಲ್ಲ, ಕೊಟ್ಟ ಮಾತನ್ನು. ಕಾಗದದ ಮೇಲೆ ಇದ್ದರೆ ಕರಾರು. 'ಕೊಟ್ಟ ಮಾತು' ಅಂತ ಬರೆದ ಕೂಡಲೇ ಮಕ್ಕಳು ಕೇಳುತ್ತಾರೆ: ಯಾರಿಗೆ ಕೊಟ್ಟದ್ದು? ಸಂಸತ್ತಿಗೆ ಕೊಟ್ಟ ಮಾತು ಒಂದು, ಅಮೆರಿಕಕ್ಕೆ ಕೊಟ್ಟ ಮಾತು ಒಂದು, ಯಾವುದು ದೊಡ್ಡದು? 'ಬದ್ಧತೆ' ಅಂದಾಗ ಈ ಪ್ರಶ್ನೆ ಯಾರಿಗೂ ಹುಟ್ಟಿರಲಿಲ್ಲ.

ಬ್ರಿಟನ್ನಿನಲ್ಲಿ ಈ ಪ್ರಶ್ನೆ ಇನ್ನೂ ಜೋರಾಗಿ ಬಂತು. 2013ರ ಆಗಸ್ಟ್ 29ರಂದು ಅಲ್ಲಿನ ಸಂಸತ್ತು ಸಿರಿಯಾ ಮೇಲಿನ ಸೇನಾ ಕ್ರಮಕ್ಕೆ 285–272 ಮತದಿಂದ ಬೇಡ ಅಂದಿತ್ತು. 2014ರಲ್ಲಿ ಐಸಿಸ್ ಮೇಲೆ ಇರಾಕ್‌ನಲ್ಲಿ ಮಾತ್ರ ದಾಳಿಗೆ ಒಪ್ಪಿತು. 2015ರ ಜುಲೈನಲ್ಲಿ ಗೊತ್ತಾಯಿತು, ಮಿತ್ರ ದೇಶಗಳ ದಳಗಳಲ್ಲಿದ್ದ ಬ್ರಿಟನ್ ಪೈಲಟ್‌ಗಳು ಸಿರಿಯಾದಲ್ಲೂ ಬಾಂಬ್ ಹಾಕಿದ್ದರು. ರಕ್ಷಣಾ ಮಂತ್ರಿ ಮೈಕೆಲ್ ಫಾಲನ್, ಅವರು ಆತಿಥೇಯ ದೇಶದ ಆದೇಶದ ಕೆಳಗೆ ಇದ್ದರು, ಇದು ಬಹಳ ಹಿಂದಿನಿಂದ ನಡೆದುಬಂದ ಪದ್ಧತಿ ಅಂತ ಸಮರ್ಥಿಸಿಕೊಂಡರು. ಅಲ್ಲಿ ಇಂಥವರಿಗೆ ಎಂಬೆಡೆಡ್ ಅನ್ನುತ್ತಾರೆ. ಕನ್ನಡದಲ್ಲಿ 'ಹುದುಗಿದ' ಅಂತ ಹಾಕೋಣ ಅಂದರೆ ಅದರಲ್ಲಿ ಅಡಗಿಸಿದ ಅನ್ನೋ ಅರ್ಥ ಬರುತ್ತದೆ. ಮುಚ್ಚಿಟ್ಟರು ಅನ್ನೋದೇ ಸಂಸದರ ದೂರು. ಮತ್ತೆ ಪದವೇ ಒಂದು ಪಕ್ಷ ಸೇರಿಬಿಡುತ್ತದೆ. 'ಬೆರೆತ' ಅನ್ನೋಣವಾ? 'ಒಳಸೇರಿದ'?

ಪದ ಇಷ್ಟು ದೊಡ್ಡ ವಿಷಯವಾ ಅಂತ ಅನಿಸಿದವರಿಗೆ ನಮ್ಮದೇ ದೇಶದ ಉದಾಹರಣೆ ಇದೆ. 2003ರ ಏಪ್ರಿಲ್‌ನಲ್ಲಿ ಇದೇ ಇರಾಕ್ ಯುದ್ಧದ ಬಗ್ಗೆ ನಮ್ಮ ಲೋಕಸಭೆ ನಿರ್ಣಯ ಮಾಡಬೇಕಿತ್ತು. ವಿರೋಧ ಪಕ್ಷಗಳಿಗೆ ಖಂಡಿಸುವ ಗಟ್ಟಿ ಪದ ಬೇಕು, ಸರ್ಕಾರಕ್ಕೆ ಮೆತ್ತನೆಯದು ಬೇಕು. ಕೊನೆಗೆ ಹಿಂದಿಯ 'ನಿಂದಾ' ಅನ್ನೋ ಪದಕ್ಕೆ ಎಲ್ಲರೂ ಒಪ್ಪಿದರು, ಯಾಕೆಂದರೆ ಅದನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿಯೂ ಓದಬಹುದು, ಮೆತ್ತಗೂ ಓದಬಹುದು. ಕನ್ನಡದಲ್ಲಿ ಇದನ್ನು ಹೇಳಲು ಹೋದರೆ ನಮಗೆ ಇನ್ನೊಂದು ಕಷ್ಟ. ನಮ್ಮ ನಿಂದೆ ಬೇರೆಯೇ. ಗುರುನಿಂದೆ, ಪರನಿಂದೆ. ಲೋಕಸಭೆ ಅಮೆರಿಕವನ್ನು ನಿಂದಿಸಿತು ಅಂದರೆ ಎಲ್ಲರೂ ಎದ್ದು ಬೈದರು ಅಂತಾಗುತ್ತದೆ. 'ಖಂಡಿಸಿತು' ಅಂದರೆ ಸರ್ಕಾರ ಬೇಡ ಅಂದ ಅರ್ಥವೇ ಬರುತ್ತದೆ. 'ವಿಷಾದಿಸಿತು' ಅಂದರೆ ತೀರಾ ಮೆತ್ತಗೆ. ನಾನು ಸದ್ಯಕ್ಕೆ 'ತಪ್ಪೆಂದಿತು' ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಬಳ್ಳಾರಿ, ಸಂಡೂರು, ಲಿಂಗಸೂಗೂರು, ಮಾನ್ವಿ ಕಡೆಯವರು ಮುಖ್ಯವಾಗಿ ಬರೆಯಬೇಕು. ನಿಮ್ಮಲ್ಲಿ ಮುಯ್ಯಾಳು ಅನ್ನುತ್ತಾರಾ, ಬೇರೆ ಹೆಸರಿದೆಯಾ? ಜಗಳ ಬಿದ್ದವರ ಹೊಲಕ್ಕೆ ಮುಯ್ಯಿ ಹೋಗುವ ಪದ್ಧತಿ ಇದೆಯಾ? ಹೋಗದೆ ರೊಕ್ಕ ಕೊಟ್ಟು ತೀರಿಸಿದರೆ ಅದಕ್ಕೆ ಒಂದು ಪದ ಇರಬೇಕು, ನಮ್ಮ ಮನೆಯ ಹಿರಿಯರು ಯಾರೂ ಈಗ ಇಲ್ಲ ಕೇಳಲು. ಆ ಪದ ಸಿಕ್ಕರೆ ನನಗೆ ಬಹಳ ಉಪಯೋಗ. ಅಧಿಕಾರಿಗಳನ್ನು ವಾಪಸ್ ಕರೆಸಿ, ಒಪ್ಪಂದ ಮುರಿಯದ ಹಾಗೆ ಬೇರೆ ರೀತಿಯಲ್ಲಿ ಋಣ ತೀರಿಸಬಹುದಿತ್ತಲ್ಲ ಅಂತ ಕೇಳಿದ ಒಬ್ಬ ಹುಡುಗ ಇದ್ದಾನೆ. ಅವನಿಗೆ ಅದನ್ನು ಕನ್ನಡದಲ್ಲೇ ಹೇಳಬೇಕು.

ಟಿಪ್ಪಣಿಯ ವಾಕ್ಯ ಈಗ ಹೀಗಿದೆ, ತಿದ್ದಿ ಕೊಡಿ: 'ಯುದ್ಧಕ್ಕೆ ಬರುವುದಿಲ್ಲ ಎಂದ ಕೆನಡಾ, ಮುಯ್ಯಿ ಹೋಗಿದ್ದ ತನ್ನ ಅಧಿಕಾರಿಗಳನ್ನು ನಡುವೆ ವಾಪಸ್ ಕರೆಯಲಿಲ್ಲ. ಕೊಟ್ಟ ಮಾತು ತಪ್ಪಲಾಗದು ಎಂದು ಅದು ವಾದಿಸಿತು.' ಸೋಮವಾರ ತರಗತಿ ಇದೆ.